ಮೂರು ವರ್ಷದೊಳಗಿನ ಸಾವು, ತಿರಸ್ಕರಿಸಿದ ಕ್ಲೇಮು: ಜೀವವಿಮೆಯ ನಾಮಿನಿ ಏನು ಮಾಡಬೇಕು?

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಭಾವ ಹೃದಯಾಘಾತದಿಂದ ತೀರಿಕೊಂಡಾಗ ಅವರ ಜೀವವಿಮೆ ಪಾಲಿಸಿಗೆ ಹತ್ತೊಂಬತ್ತು ತಿಂಗಳಾಗಿತ್ತು. ಹದಿನೈದು ಲಕ್ಷ ರೂಪಾಯಿಯ ಪಾಲಿಸಿ. ಅಕ್ಕ ಕ್ಲೇಮು ಹಾಕಿ ಕಾದಳು. ಕೊನೆಗೆ ಸ್ಪೀಡ್ ಪೋಸ್ಟಿನಲ್ಲಿ ಇಂಗ್ಲಿಷಿನ ಒಂದು ಪುಟ ಬಂತು. ಮೃತರು ಐದು ವರ್ಷಗಳಿಂದ ಮಧುಮೇಹಿಯಾಗಿದ್ದರು, ಪಾಲಿಸಿಗೆ ಅರ್ಜಿ ಹಾಕುವಾಗ ತುಂಬುವ ಪ್ರಪೋಸಲ್ ಫಾರಂನಲ್ಲಿ ಅದನ್ನು ತಿಳಿಸಿಲ್ಲ, ಆದ್ದರಿಂದ ಕ್ಲೇಮು ತಿರಸ್ಕೃತ ಎಂಬುದು ಅದರ ಸಾರಾಂಶ. ಅಕ್ಕ ಅದನ್ನು ಮಡಚಿ ದೇವರ ಗೂಡಿನಲ್ಲಿಟ್ಟು ಸುಮ್ಮನಾಗಿದ್ದಳು. “ಕಂಪನಿಯವರೇ ಇಲ್ಲ ಎಂದ ಮೇಲೆ ಇನ್ನೇನಿದೆ ಮಾಡುವುದಕ್ಕೆ?” ಎಂದಳು.

ಮಾಡುವುದಕ್ಕೆ ಬೇಕಾದಷ್ಟಿತ್ತು. ಆ ಪತ್ರ ತೀರ್ಪಲ್ಲ, ಒಂದು ಪಕ್ಷದ ಆರೋಪ ಮಾತ್ರ. ಅದನ್ನು ಕಂಪನಿ ಸಾಬೀತುಪಡಿಸಬೇಕೋ ನೀವು ಅಲ್ಲಗಳೆಯಬೇಕೋ ಎಂಬುದು ಅದರಲ್ಲಿ ಬಳಸಿದ ಒಂದೆರಡು ಪದಗಳ ಮೇಲೆ ನಿಂತಿರುತ್ತದೆ. ಆ ಪದಗಳನ್ನು ಹುಡುಕುವುದರಿಂದಲೇ ಕೆಲಸ ಶುರು.

ಮೊದಲು ತಾರೀಖುಗಳನ್ನು ಬರೆದುಕೊಳ್ಳಿ

1938ರ ವಿಮಾ ಕಾಯ್ದೆಯ 45ನೇ ಕಲಮು ಇಡೀ ವಿಷಯದ ಬೇರು. ಹಿಂದೆ ಅದರಲ್ಲಿ ಎರಡು ವರ್ಷದ ಗಡಿ ಇತ್ತು. ಆ ಗಡಿ ದಾಟಿದ ಮೇಲೂ ವಂಚನೆ ಎಂದು ತೋರಿಸಿ ಪಾಲಿಸಿಯನ್ನು ಪ್ರಶ್ನಿಸುವ ದಾರಿ ಕಂಪನಿಗೆ ತೆರೆದಿತ್ತು. 2015ರ ತಿದ್ದುಪಡಿ ಗಡಿಯನ್ನು ಮೂರು ವರ್ಷಕ್ಕೆ ಏರಿಸಿತು, ಆದರೆ ಅದರಾಚೆಯ ಬಾಗಿಲನ್ನು ಪೂರ್ತಿ ಮುಚ್ಚಿತು. ಮೂರು ವರ್ಷ ಕಳೆದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ, ವಂಚನೆಯ ಕಾರಣಕ್ಕೂ ಇಲ್ಲ.

ಮೂರು ವರ್ಷವನ್ನು ಎಲ್ಲಿಂದ ಎಣಿಸಬೇಕು ಎಂಬಲ್ಲೇ ಹಲವರು ಎಡವುತ್ತಾರೆ. ಪಾಲಿಸಿ ಕೊಟ್ಟ ದಿನ, ರಿಸ್ಕ್ (ವಿಮಾ ರಕ್ಷಣೆ) ಶುರುವಾದ ದಿನ, ಲ್ಯಾಪ್ಸ್ ಆಗಿದ್ದನ್ನು ಮತ್ತೆ ಜಾರಿಗೆ ತಂದ ದಿನ, ರೈಡರ್ (ಮೂಲ ಪಾಲಿಸಿಯ ಮೇಲಿನ ಹೆಚ್ಚುವರಿ ರಕ್ಷಣೆ) ಸೇರಿಸಿದ ದಿನ: ಈ ನಾಲ್ಕರಲ್ಲಿ ಯಾವುದು ಕೊನೆಯದೋ ಅಲ್ಲಿಂದ. ಹತ್ತು ವರ್ಷದ ಹಳೆಯ ಪಾಲಿಸಿ ನಡುವೆ ಕಂತು ತಪ್ಪಿ ಲ್ಯಾಪ್ಸ್ ಆಗಿ, ಕಳೆದ ವರ್ಷ ರಿವೈವಲ್ ಮಾಡಿಸಿದ್ದರೆ ಎಣಿಕೆ ಕಳೆದ ವರ್ಷದಿಂದ. ರಿವೈವಲ್ ಸಮಯದಲ್ಲಿ ಆರೋಗ್ಯ ಘೋಷಣೆಯ ಒಂದು ಹಾಳೆಗೆ ಸಹಿ ಮಾಡಿಸಿಕೊಂಡಿರುತ್ತಾರೆ. ಆ ಹಾಳೆಯೂ ನಿಮಗೆ ಬೇಕು.

ಇನ್ನೊಂದು ಸೂಕ್ಷ್ಮ. ಕಲಮಿನ ಮಾತು ಇರುವುದು ಪಾಲಿಸಿಯನ್ನು ಪ್ರಶ್ನಿಸುವ ದಿನದ ಬಗ್ಗೆ. ಆದ್ದರಿಂದ ಸಾವಿನ ತಾರೀಖಿನ ಜೊತೆಗೆ ನಿರಾಕರಣೆ ಪತ್ರದ ತಾರೀಖನ್ನೂ ಬರೆದುಕೊಳ್ಳಿ. ಸಾವು ಮೂರು ವರ್ಷದೊಳಗಾಗಿ, ಪತ್ರ ಮೂರು ವರ್ಷ ದಾಟಿದ ಮೇಲೆ ಬಂದಿದ್ದರೆ ಅದೇ ನಿಮ್ಮ ಮೊದಲ ವಾದ.

ಕೆಲವು ನಿರಾಕರಣೆಗಳಿಗೂ 45ನೇ ಕಲಮಿಗೂ ಸಂಬಂಧವಿಲ್ಲ, ಅವನ್ನು ಬೇರೆಯಾಗಿಡಿ. ಸಾಯುವಾಗ ಪಾಲಿಸಿ ಲ್ಯಾಪ್ಸ್ ಆಗಿತ್ತು ಎಂಬುದು ಬೇರೆಯೇ ಜಗಳ. ಒಂದು ವರ್ಷದೊಳಗಿನ ಆತ್ಮಹತ್ಯೆಗೆ ಪೂರ್ತಿ ಮೊತ್ತ ಸಿಗುವುದಿಲ್ಲ, ಆದರೆ ಪಾಲಿಸಿ ಜಾರಿಯಲ್ಲಿದ್ದರೆ ಕಟ್ಟಿದ ಪ್ರೀಮಿಯಂನ ಕನಿಷ್ಠ ಶೇ 80ರಷ್ಟು ನಾಮಿನಿಗೆ ಬರಬೇಕು. ಬ್ಯಾಂಕಿನ ಮೂಲಕ ವರ್ಷಕ್ಕೆ 436 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯಲ್ಲಿ, ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ.

ಪತ್ರದಲ್ಲಿ ಯಾವ ಪದವಿದೆ?

ಮೂರು ವರ್ಷದೊಳಗೆ ಕಂಪನಿ ಹಿಡಿಯುವ ದಾರಿಗಳು ಮುಖ್ಯವಾಗಿ ಎರಡು. ಒಂದು ವಂಚನೆ, ಇನ್ನೊಂದು ಮುಖ್ಯ ವಿಷಯವನ್ನು ಮರೆಮಾಚಿದ್ದು ಅಥವಾ ತಪ್ಪಾಗಿ ಹೇಳಿದ್ದು. ಓದುವಾಗ ಎರಡೂ ಒಂದೇ ಬೈಗುಳದಂತೆ ಕೇಳುತ್ತವೆ, ಕಾನೂನಿನಲ್ಲಿ ಅಜಗಜಾಂತರ.

ವಂಚನೆ ಎನ್ನಬೇಕಾದರೆ ಮೋಸ ಮಾಡುವ ಉದ್ದೇಶ ಇರಬೇಕು. ಗೊತ್ತಿದ್ದೂ ಸುಳ್ಳು ಹೇಳಿರಬೇಕು, ಗೊತ್ತಿದ್ದನ್ನು ಬೇಕೆಂದೇ ಮುಚ್ಚಿಟ್ಟಿರಬೇಕು. ಆದರೆ ಇಲ್ಲಿ ಕಾನೂನು ನಾಮಿನಿಯ ಮೇಲೊಂದು ಭಾರ ಹಾಕಿದೆ: ಪಾಲಿಸಿದಾರ ಬದುಕಿಲ್ಲದಿದ್ದರೆ ವಂಚನೆಯಲ್ಲವೆಂದು ತೋರಿಸಬೇಕಾದವರು ಫಲಾನುಭವಿಗಳು. ತಿಳಿದಮಟ್ಟಿಗೆ ನಿಜವನ್ನೇ ಹೇಳಿದ್ದರು, ಮುಚ್ಚಿಡುವ ಉದ್ದೇಶ ಇರಲಿಲ್ಲ, ಅಥವಾ ಆ ಸಂಗತಿ ಕಂಪನಿಗೆ ಮೊದಲೇ ಗೊತ್ತಿತ್ತು ಎಂದು ತೋರಿಸಿದರೆ ಸಾಕು.

ಮರೆಮಾಚುವಿಕೆಯ ಆರೋಪದಲ್ಲಿ ಭಾರ ಆಚೆ ಕಡೆಗೆ ಹೋಗುತ್ತದೆ. ಮುಚ್ಚಿಟ್ಟರೆನ್ನಲಾದ ಸಂಗತಿ ಕಂಪನಿ ಹೊತ್ತ ಅಪಾಯಕ್ಕೆ ನೇರವಾಗಿ ಸಂಬಂಧಪಟ್ಟಿರಬೇಕು. ಅದು ಗೊತ್ತಿದ್ದಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ಕಂಪನಿಯೇ ಸಾಬೀತುಪಡಿಸಬೇಕು. ಈ ವಾಕ್ಯವನ್ನು ಎರಡು ಸಲ ಓದಿ. “ಪ್ರೀಮಿಯಂ ಸ್ವಲ್ಪ ಹೆಚ್ಚು ಹಾಕುತ್ತಿದ್ದೆವು” ಎಂಬುದು ಸಾಲದು, “ಕೊಡುತ್ತಲೇ ಇರಲಿಲ್ಲ” ಎನ್ನಬೇಕು. ಹತೋಟಿಯಲ್ಲಿರುವ ಬಿ.ಪಿ., ಶುಗರ್ ಇದ್ದವರಿಗೆ ಕಂಪನಿಗಳು ಹೆಚ್ಚುವರಿ ಪ್ರೀಮಿಯಂ ಹಾಕಿ ಪಾಲಿಸಿ ಕೊಡುವುದು ದಿನನಿತ್ಯದ ಮಾತು. ನಾಮಿನಿಗಳ ಕೈಯಲ್ಲಿರುವ ಅತ್ಯಂತ ಗಟ್ಟಿ ವಾದ ಇದೇ ಎಂದು ನನಗನಿಸುತ್ತದೆ. ಆದರೂ ಇದನ್ನು ಕೇಳುವವರು ಕಡಿಮೆ.

ಹಣದಲ್ಲೂ ವ್ಯತ್ಯಾಸವಿದೆ. ವಂಚನೆಯಲ್ಲದ ಮರೆಮಾಚುವಿಕೆಯ ಕಾರಣಕ್ಕೆ ನಿರಾಕರಿಸಿದರೆ ಅಲ್ಲಿಯವರೆಗೆ ಕಟ್ಟಿದ ಪ್ರೀಮಿಯಂ 90 ದಿನದೊಳಗೆ ವಾಪಸು ಬರಬೇಕು. ಈ ಹಣ ಕೇಳದೆಯೇ ಬ್ಯಾಂಕ್ ಖಾತೆಗೆ ಬಂದು ಬೀಳಬಹುದು, ಹೆದರಬೇಕಾಗಿಲ್ಲ. ಆದರೆ “ಪೂರ್ಣ ಮತ್ತು ಅಂತಿಮ ಇತ್ಯರ್ಥ” ಎಂದು ಬರೆದ ವೋಚರಿಗೆ ಸಹಿ ಮಾಡಬೇಡಿ. ಸಹಿ ಮಾಡಲೇಬೇಕಾಗಿ ಬಂದರೆ ಪಕ್ಕದಲ್ಲಿ “ಪೂರ್ತಿ ಕ್ಲೇಮಿನ ಹಕ್ಕನ್ನು ಉಳಿಸಿಕೊಂಡು, ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ” ಎಂದು ಬರೆದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ವಯಸ್ಸು ತಪ್ಪಾಗಿದ್ದರೆ ಅದು ಪಾಲಿಸಿ ರದ್ದು ಮಾಡುವ ಕಾರಣವಲ್ಲ. ಸರಿಯಾದ ವಯಸ್ಸಿಗೆ ಲೆಕ್ಕ ಹೊಂದಿಸಬಹುದು, ಅಷ್ಟೆ.

ಮೂರು ಕಾಗದ ಒಂದೇ ಮೇಜಿನ ಮೇಲೆ

ನಿರಾಕರಣೆ ಪತ್ರ, ಪ್ರಪೋಸಲ್ ಫಾರಂ, ಆಸ್ಪತ್ರೆಯ ಕೇಸ್ ಶೀಟ್. ಈ ಮೂರನ್ನು ಅಕ್ಕಪಕ್ಕ ಇಟ್ಟು ನೋಡುವವರೆಗೆ ಯಾರಿಗೂ ಉತ್ತರ ಬರೆಯಬೇಡಿ.

ಪ್ರಪೋಸಲ್ ಫಾರಂನ ಪ್ರತಿ ಸಾಮಾನ್ಯವಾಗಿ ಪಾಲಿಸಿ ಬಾಂಡಿನ ಹಿಂದೆಯೇ ಹೊಲಿದಿರುತ್ತದೆ. ಇಲ್ಲದಿದ್ದರೆ ಕಂಪನಿಯಿಂದ ಲಿಖಿತವಾಗಿ ಕೇಳಿ. ಅಕ್ಕನ ಮನೆಯ ಫಾರಂ ನೋಡಿದಾಗ ಆರೋಗ್ಯದ ಪ್ರಶ್ನೆಗಳೆದುರು “ಇಲ್ಲ” ಎಂಬ ಖಾನೆಯಲ್ಲಿ ಮೇಲಿಂದ ಕೆಳಗೆ ಒಂದೇ ಕೈಯ, ಒಂದೇ ಓಟದ ಟಿಕ್ಕುಗಳು. ಫಾರಂ ಪೂರ್ತಿ ಇಂಗ್ಲಿಷ್. ಕೊನೆಯಲ್ಲಿ ಭಾವನ ಗುಂಡಗಿನ ಕನ್ನಡ ಸಹಿ. ಇಂಥ ಸಂದರ್ಭಕ್ಕಾಗಿಯೇ ಫಾರಂನಲ್ಲಿ ಒಂದು ಘೋಷಣೆ ಇರುತ್ತದೆ: ಅರ್ಜಿದಾರರು ಬೇರೆ ಭಾಷೆಯಲ್ಲಿ ಸಹಿ ಮಾಡಿದ್ದರೆ ಅಥವಾ ಹೆಬ್ಬೆಟ್ಟು ಒತ್ತಿದ್ದರೆ, ಪ್ರಶ್ನೆಗಳನ್ನು ಅವರ ಭಾಷೆಯಲ್ಲಿ ವಿವರಿಸಿದ್ದೇನೆ ಎಂದು ಇನ್ನೊಬ್ಬರು ಸಹಿ ಮಾಡಬೇಕು. ಭಾವನ ಫಾರಂನಲ್ಲಿ ಆ ಜಾಗ ಖಾಲಿ ಇತ್ತು. ನಿಮ್ಮದರಲ್ಲೂ ಮೊದಲು ಅಲ್ಲಿಗೆ ಕಣ್ಣು ಹಾಯಿಸಿ.

ಏಜೆಂಟರೇ ತುಂಬಿದ್ದು ಎಂಬ ವಾದ ಎಷ್ಟು ದೂರ ಹೋಗುತ್ತದೆ? ಅರ್ಧ ದೂರ. ಪಾಲಿಸಿ ಮಾಡಿಸಲು ಮಾತುಕತೆ ನಡೆಸಿದವರನ್ನು ಒಪ್ಪಂದ ಏರ್ಪಡುವ ಮಟ್ಟಿಗೆ ಕಂಪನಿಯ ಏಜೆಂಟ್ ಎಂದೇ ಭಾವಿಸಬೇಕು ಎಂದು 45ನೇ ಕಲಮಿನ ವಿವರಣೆ ಹೇಳುತ್ತದೆ. ಅದು ನಿಮ್ಮ ಪರ. ಓದದೆ ಸಹಿ ಮಾಡಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ ಎಂದು ನ್ಯಾಯಾಲಯಗಳು ಹೇಳಿದ್ದೂ ಇದೆ. ಅದು ನಿಮ್ಮ ವಿರುದ್ಧ. ಹಾಗಾಗಿ ಈ ವಾದವನ್ನು ಬೇರೆ ಪುರಾವೆಯ ಜೊತೆಗೆ ಇಡಿ, ಇದೊಂದನ್ನೇ ನೆಚ್ಚಬೇಡಿ. ಪಾಲಿಸಿ ಕೊಡುವ ಮುನ್ನ ಕಂಪನಿಯ ವೈದ್ಯರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ್ದರೆ ಆ ವರದಿಯನ್ನೂ ಕೇಳಿ ಪಡೆಯಿರಿ. ಅಂದಿನ ಶುಗರ್ ಎಷ್ಟೆಂದು ಕಂಪನಿಯ ಕಡತದಲ್ಲೇ ಇದ್ದರೆ ಮುಚ್ಚಿಟ್ಟರು ಎನ್ನುವುದು ಕಷ್ಟ.

ಇನ್ನು ಕೇಸ್ ಶೀಟ್. ಕಂಪನಿಗಳು ಹೆಚ್ಚಾಗಿ ನೆಚ್ಚುವುದು ಇದರ ಮೊದಲ ಪುಟವನ್ನು. ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿ. ರಾತ್ರಿ ಒಂದೂವರೆಗೆ ಭಾವನನ್ನು ಸ್ಟ್ರೆಚರಿನ ಮೇಲೆ ಒಳಗೆ ಒಯ್ದರು. ಅಕ್ಕ ಹೊರಗೆ ಬೆಂಚಿನ ಮೇಲೆ ಕುಸಿದಿದ್ದಳು. ಡ್ಯೂಟಿ ಡಾಕ್ಟರು ಕೈಗೆ ಸಿಕ್ಕ ಮೈದುನನನ್ನು ಕೇಳಿದರು, “ಶುಗರ್ ಇದೆಯಾ? ಎಷ್ಟು ವರ್ಷದಿಂದ?” ಮೈದುನ ಬೆಂಗಳೂರಿನಲ್ಲಿರುವವನು, ಅಣ್ಣನನ್ನು ನೋಡುತ್ತಿದ್ದುದು ವರ್ಷಕ್ಕೆ ಮೂರು ಸಲ. “ಇದೆ ಸರ್, ಒಂದೈದು ವರ್ಷ ಆಗಿರಬಹುದು” ಎಂದ. ಡಾಕ್ಟರು ಅವಸರದ ಅಕ್ಷರದಲ್ಲಿ “ಕೆ/ಸಿ/ಒ ಡಿ.ಎಂ. 5 ವರ್ಷ” ಎಂದು ಗೀಚಿದರು. ಮಧುಮೇಹಿ ಎಂದು ಗೊತ್ತಿರುವ ರೋಗಿ ಎಂದು ಅದರ ಅರ್ಥ. “ಆಗಿರಬಹುದು” ಎಂಬ ಪದ ಕಾಗದಕ್ಕೆ ಇಳಿಯಲಿಲ್ಲ. ಹದಿನೈದು ಲಕ್ಷ ನಿಂತದ್ದು ಆ ಒಂದು ಸಾಲಿನ ಮೇಲೆ.

ಆದ್ದರಿಂದ ಆಸ್ಪತ್ರೆಯ ಪೂರ್ತಿ ದಾಖಲೆ ತೆಗೆಸಿ, ಡಿಸ್ಚಾರ್ಜ್ ಅಥವಾ ಡೆತ್ ಸಮರಿ ಮಾತ್ರ ಸಾಲದು. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಗಳಲ್ಲೇ ಇದೆ. ಕೈಗೆ ಬಂದ ಮೇಲೆ ಎರಡು ವಿಷಯ ನೋಡಿ: ಮಾಹಿತಿ ಕೊಟ್ಟವರು ಯಾರು ಎಂಬ ಜಾಗದಲ್ಲಿ ಯಾರ ಹೆಸರಿದೆ, ಮತ್ತು ಅದೇ ಕಡತದ ಬೇರೆ ಪುಟಗಳಲ್ಲಿ ಬೇರೆ ಅವಧಿ ಬರೆದಿದೆಯೇ. ಆಮೇಲೆ ಊರಿನ ಕ್ಲಿನಿಕ್ಕಿನ ಓಪಿಡಿ ಚೀಟಿ, ಲ್ಯಾಬ್ ವರದಿ, ಮೆಡಿಕಲ್ ಶಾಪಿನ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಭಾವನ ಶುಗರ್ ಮೊದಲ ಸಲ ಹೆಚ್ಚು ಕಂಡದ್ದು ಪಾಲಿಸಿ ಮಾಡಿಸಿದ ಎಂಟು ತಿಂಗಳ ನಂತರ. ಆ ಲ್ಯಾಬ್ ವರದಿ ಸಿಕ್ಕಿದ್ದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ. ಮೊದಲ ಸಲ ಮಾತ್ರೆ ಬರೆದ ವೈದ್ಯರಿಂದ ಒಂದು ಪತ್ರವನ್ನೂ ಪಡೆದೆವು.

ಚಿಕಿತ್ಸೆ ಕೊಟ್ಟವರ ಹೇಳಿಕೆಯಿಲ್ಲದೆ ಬರೀ ಆಸ್ಪತ್ರೆಯ “ಹಿಸ್ಟರಿ” ಸಾಲನ್ನು ಸಾಕ್ಷ್ಯವೆಂದು ಒಪ್ಪಲು ಗ್ರಾಹಕ ಆಯೋಗಗಳು ಎಷ್ಟೋ ಪ್ರಕರಣಗಳಲ್ಲಿ ನಿರಾಕರಿಸಿವೆ. ಹಾಗೆಂದು ಮೈಮರೆಯುವಂತಿಲ್ಲ. 2020ರ ಬಜಾಜ್ ಅಲಯನ್ಸ್ ಪ್ರಕರಣದಲ್ಲಿ, ಪಾಲಿಸಿ ಮಾಡಿಸಿದ ಸುಮಾರು ಒಂದು ತಿಂಗಳಲ್ಲೇ ಸಾವು ಸಂಭವಿಸಿತ್ತು. ಅಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ ದಾಖಲೆಯನ್ನು ಒಪ್ಪಿ ಕಂಪನಿಯ ಪರ ನಿಂತಿತು.

ತನಿಖೆಗೆ ಬಂದವರ ಮುಂದೆ

ಮೂರು ವರ್ಷದೊಳಗಿನ ಕ್ಲೇಮನ್ನು ಕಂಪನಿಗಳು “ಅರ್ಲಿ ಕ್ಲೇಮ್” ಎಂದು ಬೇರೆ ಕಟ್ಟಿಗೆ ಹಾಕಿ ಸಾಮಾನ್ಯವಾಗಿ ತನಿಖೆಗೆ ಕಳಿಸುತ್ತವೆ. ತನಿಖೆ ಬೇಕಿಲ್ಲದ ಕ್ಲೇಮು 15 ದಿನದಲ್ಲಿ, ಬೇಕಾದದ್ದು 45 ದಿನದಲ್ಲಿ ಇತ್ಯರ್ಥವಾಗಬೇಕು ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ವಿಧಿಸಿದ ಗಡುವು.

ತಿಥಿಕಾರ್ಯ ಮುಗಿಯುವ ಮೊದಲೇ ತನಿಖೆಯವರು ಮನೆಗೆ ಬರಬಹುದು. ನಯವಾಗಿ ಮಾತನಾಡಿ “ಬೇಗ ಹಣ ಬರಲಿ ಎಂದೇ ಬಂದಿದ್ದೇನಮ್ಮ” ಎಂದು ಇಂಗ್ಲಿಷಿನಲ್ಲಿ ಬರೆದ ಹಾಳೆಯನ್ನು ಮುಂದಿಡುತ್ತಾರೆ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಕನ್ನಡದಲ್ಲಿ ಬರೆಯಲು ಹೇಳಿ, ಅಥವಾ ನೀವೇ ಬರೆದುಕೊಡಿ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳಿ, ಅಂದಾಜಿನ ವರ್ಷ ಹೇಳಬೇಡಿ. ಸಹಿ ಮಾಡಿದ ಪುಟದ ಫೋಟೊ ಅಲ್ಲೇ ತೆಗೆಯಿರಿ. ಬಂದವರ ಹೆಸರು, ತಾರೀಖು ಗೋಡೆಯ ಕ್ಯಾಲೆಂಡರಿನ ಮೇಲಾದರೂ ಬರೆದಿಡಿ.

ಕಂಪನಿಗೆ ಮೊದಲ ಉತ್ತರ

ಯಾವ ಆಧಾರದ ಮೇಲೆ, ಯಾವ ದಾಖಲೆಗಳನ್ನು ನೋಡಿ ನಿರ್ಧರಿಸಿದ್ದೇವೆ ಎಂದು ಕಂಪನಿ ಲಿಖಿತವಾಗಿ ತಿಳಿಸಬೇಕೆಂದು 45ನೇ ಕಲಮೇ ಹೇಳುತ್ತದೆ. ಹಾಗಾಗಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯುವ ಪತ್ರ ಕಣ್ಣೀರಿನ ಪತ್ರವಾಗಬೇಕಾಗಿಲ್ಲ, ನೇರ ಪ್ರಶ್ನೆಗಳ ಪತ್ರವಾಗಲಿ. ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

“ತಮ್ಮ ಪತ್ರದಲ್ಲಿ ಮೃತರಿಗೆ ಐದು ವರ್ಷಗಳಿಂದ ಮಧುಮೇಹವಿತ್ತು ಎಂದಿದೆ. ಇದಕ್ಕೆ ಆಧಾರವಾದ ಎಲ್ಲ ದಾಖಲೆಗಳ ಮತ್ತು ತನಿಖಾ ವರದಿಯ ಪ್ರತಿಗಳನ್ನು ಕೊಡಬೇಕು. ಮಧುಮೇಹ ಮೊದಲು ಪತ್ತೆಯಾದದ್ದು ಪಾಲಿಸಿಯ ನಂತರ ಎಂಬುದಕ್ಕೆ ಲ್ಯಾಬ್ ವರದಿ ಮತ್ತು ವೈದ್ಯರ ಪತ್ರ ಲಗತ್ತಿಸಿದೆ. ಈ ಸಂಗತಿ ತಿಳಿದಿದ್ದರೆ ಪಾಲಿಸಿಯನ್ನೇ ನೀಡುತ್ತಿರಲಿಲ್ಲ ಎಂಬುದಕ್ಕೆ ತಮ್ಮ ಯಾವ ನಿಯಮ ಆಧಾರ ಎಂದು ತಿಳಿಸಬೇಕು. ನಿರಾಕರಣೆಯನ್ನು ಮರುಪರಿಶೀಲಿಸಿ ಪೂರ್ತಿ ಮೊತ್ತವನ್ನು ವಿಳಂಬದ ಬಡ್ಡಿಯೊಂದಿಗೆ ಪಾವತಿಸಬೇಕು.”

ಇಷ್ಟೇ. ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್ಲಿನಲ್ಲೂ ದೂರು ದಾಖಲಿಸಿ. 155255 ಸಂಖ್ಯೆಗೆ ಕರೆ ಮಾಡಿಯೂ ದಾಖಲಿಸಬಹುದು. ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಬರುವಂತೆ ನೋಡುತ್ತದೆ. ಪಾಲಿಸಿ ಎಲ್ಐಸಿಯದಾಗಿದ್ದರೆ ಇನ್ನೂ ಎರಡು ಅನುಕೂಲ: ನಿವೃತ್ತ ನ್ಯಾಯಾಧೀಶರೊಬ್ಬರು ಸದಸ್ಯರಾಗಿರುವ ವಲಯ ಮಟ್ಟದ ಕ್ಲೇಮು ವಿವಾದ ಸಮಿತಿಗೆ ಮೇಲ್ಮನವಿ ಹಾಕಬಹುದು, ಮತ್ತು ಅದು ಸಾರ್ವಜನಿಕ ಸಂಸ್ಥೆಯಾದ್ದರಿಂದ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ದಾಖಲೆ ಕೇಳಬಹುದು.

ಒಂಬುಡ್ಸ್‌ಮನ್: ಜೆ.ಪಿ. ನಗರದ ದಾರಿ

ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಹಳೆಯ ರಾಗವನ್ನೇ ಹಾಡಿದರೆ, ವಿಮಾ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಾಮಿನಿ ಅಥವಾ ವಾರಸುದಾರರೇ ದೂರು ಕೊಡಬೇಕು. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಅಂತಿಮ ನಿರಾಕರಣೆ ಬಂದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿ ಗರಿಷ್ಠ 50 ಲಕ್ಷ ರೂಪಾಯಿವರೆಗೆ ಪರಿಹಾರ ಸಿಗಬಹುದು. ಅದೇ ವಿಷಯ ನ್ಯಾಯಾಲಯದಲ್ಲೋ ಗ್ರಾಹಕ ಆಯೋಗದಲ್ಲೋ ಬಾಕಿ ಇರಬಾರದು.

ಅಕ್ಕ ಪಾಲಿಸಿ ಬಾಂಡು, ಲ್ಯಾಬ್ ವರದಿ ಎಲ್ಲವನ್ನೂ ಮದುವೆ ಸೀರೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ತಿಪಟೂರಿನಿಂದ ಬೆಳಗಿನ ರೈಲು ಹತ್ತಿದ್ದಳು. ವಿಚಾರಣೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಕಂಪನಿಯ ಕಡೆಯಿಂದ ಬಂದ ಯುವಕನನ್ನು ಕೇಳಿದ ಪ್ರಶ್ನೆ ಒಂದೇ: ಆ ಐದು ವರ್ಷ ಎಂಬುದಕ್ಕೆ ಕೇಸ್ ಶೀಟಿನ ಈ ಸಾಲು ಬಿಟ್ಟು ಬೇರೆ ಚಿಕಿತ್ಸೆಯ ದಾಖಲೆ ಏನಾದರೂ ಇದೆಯೇ? ಇರಲಿಲ್ಲ. ಮೈದುನ ತಾನು ಅಂದಾಜಿನಲ್ಲಿ ಹೇಳಿದ್ದೆಂದು ಅಫಿಡವಿಟ್ ಮಾಡಿಕೊಟ್ಟಿದ್ದ. ಆದೇಶ ಅಕ್ಕನ ಪರ ಬಂತು. ಒಂಬುಡ್ಸ್‌ಮನ್ ಆದೇಶಕ್ಕೆ ಕಂಪನಿ ಬದ್ಧ, 30 ದಿನದೊಳಗೆ ಪಾಲಿಸಬೇಕು. ನಿಮಗೆ ಮಾತ್ರ ಆ ಕಟ್ಟು ಇಲ್ಲ, ಆದೇಶ ಒಪ್ಪಿಗೆಯಾಗದಿದ್ದರೆ ಮುಂದೆ ಹೋಗಬಹುದು.

ಗ್ರಾಹಕ ಆಯೋಗ

ಪಾಲಿಸಿ 50 ಲಕ್ಷಕ್ಕಿಂತ ದೊಡ್ಡದಿದ್ದರೆ, ಅಥವಾ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಡ್ಡಬೇಕಾದ ಸಂಕೀರ್ಣ ಪ್ರಕರಣವಾದರೆ ಗ್ರಾಹಕ ಆಯೋಗವೇ ಸರಿ. 2019ರ ಕಾಯ್ದೆಯ ಪ್ರಕಾರ ಯಾವ ಆಯೋಗ ಎಂಬುದು ನಿರ್ಧಾರವಾಗುವುದು ಕಟ್ಟಿದ ಹಣದ ಮೇಲೆ. ವಿಮೆಯಲ್ಲಿ ಕಟ್ಟಿದ ಹಣವೆಂದರೆ ಪ್ರೀಮಿಯಂ. ಒಂದು ಕೋಟಿಯ ಟರ್ಮ್ ಪಾಲಿಸಿಯಾದರೂ (ಅವಧಿಯೊಳಗೆ ಸತ್ತರೆ ಮಾತ್ರ ಹಣ ಸಿಗುವಂಥದು) ಕಟ್ಟಿದ್ದು ಕೆಲವು ಸಾವಿರವಾದ್ದರಿಂದ ನಿಮ್ಮ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ನೀವು ವಾಸಿಸುವ ಜಿಲ್ಲೆ ಸಾಕು, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೆ ಅಲ್ಲಿಗೆ ಅಲೆಯಬೇಕಾಗಿಲ್ಲ. ಗಡುವು ಎರಡು ವರ್ಷ. ಒಂಬುಡ್ಸ್‌ಮನ್ ಬಳಿ ಹೋದರೂ ಈ ಎರಡು ವರ್ಷದ ಮೇಲೆ ಒಂದು ಕಣ್ಣಿರಲಿ.

ಇಲ್ಲಿ ವಕೀಲರಿಗೆ ತೋರಿಸಲು ಮೂರು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಗುರುತು ಹಾಕಿಕೊಳ್ಳಿ. 2015ರ ಎಲ್ಐಸಿ ಪ್ರಕರಣವೊಂದರಲ್ಲಿ ಬೆನ್ನುಮೂಳೆಯ ತೊಂದರೆಯನ್ನು ಹೇಳಿರಲಿಲ್ಲ, ಸಾವು ಆದದ್ದು ಹೃದಯದ ಕಾಯಿಲೆಯಿಂದ. ಸಂಬಂಧವಿಲ್ಲದ ಕಾಯಿಲೆಯ ಮೌನ ಕ್ಲೇಮು ಕೊಲ್ಲುವುದಿಲ್ಲ ಎಂದಿತು ನ್ಯಾಯಾಲಯ. 2019ರ ರಿಲಯನ್ಸ್ ಲೈಫ್ ಪ್ರಕರಣದಲ್ಲಿ, ಎರಡು ತಿಂಗಳ ಹಿಂದೆ ಬೇರೆ ಕಂಪನಿಯಲ್ಲಿ ಮಾಡಿಸಿದ್ದ ಪಾಲಿಸಿಯನ್ನು ಹೇಳದ ಕಾರಣಕ್ಕೆ ನಾಮಿನಿ ಸೋತರು. 2025ರ ಎಕ್ಸೈಡ್ ಲೈಫ್ ಪ್ರಕರಣದಲ್ಲಿ ಒಂದು ದೊಡ್ಡ ಪಾಲಿಸಿಯನ್ನು ತಿಳಿಸಿ ಸಣ್ಣವನ್ನು ಬಿಟ್ಟಿದ್ದರು, ಅದು ಮುಖ್ಯ ವಿಷಯವಲ್ಲ ಎಂದು ನಾಮಿನಿ ಗೆದ್ದರು. ಎದುರು ಪಕ್ಷದವರು 2019ರದನ್ನು ಹಿಡಿದುಕೊಂಡೇ ಬರುತ್ತಾರೆ.

ನಿಜವಾಗಿಯೂ ಮುಚ್ಚಿಟ್ಟಿದ್ದರೆ?

ಕಿಮೋಥೆರಪಿ ನಡೆಯುತ್ತಿರುವಾಗಲೇ ಪಾಲಿಸಿ ಮಾಡಿಸಿ “ಆರೋಗ್ಯ ಚೆನ್ನಾಗಿದೆ” ಎಂದು ಬರೆದಿದ್ದರೆ ಮೇಲಿನ ಯಾವ ದಾರಿಯೂ ದಡ ಮುಟ್ಟಿಸುವುದು ಕಷ್ಟ. ಪ್ರೀಮಿಯಂ ವಾಪಸು ಬರುವ ಬಗೆಯದೇ ಎಂದು ನೋಡಿಕೊಂಡು ಅದನ್ನು ಪಡೆಯಿರಿ. ಹಿಂದಿನ ತಾರೀಖು ಹಾಕಿದ ಸರ್ಟಿಫಿಕೇಟು ಮಾಡಿಸಿಕೊಡುತ್ತೇನೆ ಎಂದು ಬರುವ ಮಧ್ಯವರ್ತಿಯನ್ನು ಮಾತ್ರ ಹೊಸ್ತಿಲಲ್ಲೇ ನಿಲ್ಲಿಸಿ. ಆ ಕಾಗದದಿಂದ ಕ್ಲೇಮಿನ ಜಗಳ ಕ್ರಿಮಿನಲ್ ಮೊಕದ್ದಮೆಯಾಗುತ್ತದೆ.

ಪಾಲಿಸಿದಾರರು ನೀವೇ ಆಗಿದ್ದರೆ

ಪಾಲಿಸಿ ಮಾಡಿಸಿ ಇನ್ನೂ ಮೂರು ವರ್ಷವಾಗಿಲ್ಲ, ಏಜೆಂಟರು ತುಂಬಿದ ಫಾರಂ ಏನೆಂದು ಗೊತ್ತಿಲ್ಲ ಎಂದಾದರೆ ಇವತ್ತೇ ಬಾಂಡು ತೆಗೆದು ಆರೋಗ್ಯದ ಪ್ರಶ್ನೆಗಳ ಪುಟ ಓದಿ. ಬಿಟ್ಟುಹೋದ ಬಿ.ಪಿ. ಮಾತ್ರೆಯೋ ಹಳೆಯ ಶಸ್ತ್ರಚಿಕಿತ್ಸೆಯೋ ಇನ್ನೊಂದು ಪಾಲಿಸಿಯೋ ಇದ್ದರೆ ಕಂಪನಿಗೆ ಬರೆದು ತಿಳಿಸಿ. ಪ್ರೀಮಿಯಂ ಏರಬಹುದು, ಕೆಲವೊಮ್ಮೆ ಪಾಲಿಸಿಯೇ ರದ್ದಾಗಬಹುದು. ಬಾಂಡು ಕೈಗೆ ಬಂದು 30 ದಿನ ಆಗಿಲ್ಲದಿದ್ದರೆ ಇನ್ನೂ ಸುಲಭ: ಫ್ರೀಲುಕ್ ಅವಧಿಯಲ್ಲಿ ಹಿಂದಿರುಗಿಸಿ ಸರಿಯಾದ ಫಾರಂ ತುಂಬಿ ಹೊಸದನ್ನು ಮಾಡಿಸಬಹುದು. ತಿದ್ದುಪಡಿ ಪತ್ರದ ಪ್ರತಿಗೆ ಶಾಖೆಯ ಮೊಹರು ಹಾಕಿಸಿಕೊಂಡು ಬಾಂಡಿನ ಜೊತೆ ಇಡಿ, ಅದು ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂದು ನಾಮಿನಿಗೆ ತೋರಿಸಿ.